ಸವಣೂರಿನ ನೀಲಿ ರೆಕ್ಕೆ

ಶಿವಯೋಗಿ ಮಾಡಿದ ತಪ್ಪು ಒಂದೇ. ಗ್ಲೈಡರ್ ಕೊಳ್ಳುವ ವಿಚಾರವನ್ನು ಅವನು ಹಾನಗಲ್ಲಿನ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಿಂತು ಬಾಯಿಬಿಟ್ಟ. ಅಲ್ಲಿ ಆಡಿದ ಮಾತು ಅಲ್ಲಿಂದ ಹೊರಡುವ ಬಸ್ಸಿಗಿಂತ ಮೊದಲೇ ಊರೂರು ಮುಟ್ಟುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆ ಬಸ್ಸುಗಳನ್ನು ಹೊರಡಿಸುವವನೇ ಅವನು.

ಹನ್ನೊಂದು ವರ್ಷದಿಂದ ಶಿವಯೋಗಿ ನಿಲ್ದಾಣದ ಆರಡಿ ಕೋಣೆಯಲ್ಲಿ ಮೈಕು ಹಿಡಿದು ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಕೂಗಿ ಊರ ಮಂದಿಯನ್ನೆಲ್ಲ ಎಲ್ಲೆಲ್ಲಿಗೋ ಕಳಿಸುತ್ತಿದ್ದ. ತಾನು ಮಾತ್ರ ಅಲ್ಲೇ ಕೂತಿದ್ದ. ಕೂತಿದ್ದ ಅನ್ನುವುದೂ ಪೂರ್ತಿ ನಿಜವಲ್ಲ; ಕಾಲು ಕುಣಿಸುತ್ತಿದ್ದ, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ, ಐದು ನಿಮಿಷಕ್ಕೊಮ್ಮೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದ. ಹಾನಗಲ್ಲಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ಯಾರಿಗೇನೂ ಆಗಬೇಕಾಗಿಲ್ಲ. ಶಿವಯೋಗಿಗೆ ಆಗಬೇಕಾಗಿತ್ತು.

ಆರು ವರ್ಷದ ಹಿಂದೆ ರಜೆ ಹಾಕಿ ಮಹಾರಾಷ್ಟ್ರದ ಘಟ್ಟದ ಮೇಲಿನ ಒಂದು ಶಾಲೆಗೆ ಹೋಗಿ ಅವನು ಗ್ಲೈಡರ್ ಹಾರಿಸುವುದನ್ನು ಕಲಿತಿದ್ದ. ಎಂಜಿನ್ ಇಲ್ಲ, ಚಕ್ರ ಇಲ್ಲ. ತಲೆಯ ಮೇಲೆ ಬಾಗಿದ ಬಟ್ಟೆಯ ದೊಡ್ಡ ರೆಕ್ಕೆ, ಅದರಿಂದ ಇಳಿಬಿದ್ದ ನೂರಾರು ದಾರ, ದಾರದ ತುದಿಯಲ್ಲಿ ಕೂರುವ ಜೋಲಿ. ಗುಡ್ಡದ ಅಂಚಿನಿಂದ ನಾಲ್ಕು ಹೆಜ್ಜೆ ಓಡಿದರೆ ಕಾಲು ನೆಲ ಬಿಡುತ್ತದೆ. ಆಮೇಲೆ ಪ್ರತಿವರ್ಷ ನಾಲ್ಕು ದಿನ ರಜೆ ಕೂಡಿಸಿಕೊಂಡು ಹೋಗುವುದು, ಎರವಲು ರೆಕ್ಕೆಗೆ ಸರದಿಯಲ್ಲಿ ನಿಲ್ಲುವುದು, ಇಪ್ಪತ್ತು ನಿಮಿಷ ಹಾರುವುದು, ಬಸ್ಸು ಹಿಡಿದು ಬರುವುದು. ಹೀಗೆ ಆರು ವರ್ಷದಲ್ಲಿ ಅವನ ಪುಸ್ತಕದಲ್ಲಿ ಕೂಡಿದ್ದು ಹದಿಮೂರು ತಾಸು ನಲವತ್ತು ನಿಮಿಷ.

ತನ್ನದೇ ಒಂದು ರೆಕ್ಕೆ ಇದ್ದರೆ ತಿಳವಳ್ಳಿ ಕಡೆಯ ಬೋಳುಗುಡ್ಡದಿಂದ ಪ್ರತಿ ಐತವಾರ ಹಾರಬಹುದು. ಅವನಿಗೆ ಬೇಕಾದದ್ದು ಅಷ್ಟೇ. ಆದರೆ ಘಟ್ಟದ ಗುರುಗಳು ಕಡ್ಡಿ ಮುರಿದಂತೆ ಹೇಳಿದ್ದರು: ಹದಿಮೂರು ತಾಸಿನವನು ಎ ದರ್ಜೆಯ ರೆಕ್ಕೆಯನ್ನೇ ಕೊಳ್ಳಬೇಕು. ಅದು ಸೌಮ್ಯ ಸ್ವಭಾವದ್ದು. ಗಾಳಿ ಅದನ್ನು ಮಡಚಿದರೂ ತಾನೇ ಬಿಚ್ಚಿಕೊಳ್ಳುತ್ತದೆ. ಸ್ಪರ್ಧೆಯವರ ಡಿ ದರ್ಜೆಯದು ಹಾಗಲ್ಲ, ಹಾರಿಸುವವನ ಹೆಬ್ಬೆರಳು ತಪ್ಪಿದರೂ ಮುನಿಸಿಕೊಳ್ಳುತ್ತದೆ. ಹೆಂಡತಿ ಸುಧಾರಾಣಿಯೂ ತನ್ನ ಮಾತಿನಲ್ಲಿ ಅದನ್ನೇ ಹೇಳಿದ್ದಳು. "ತಂದ್ರ ಸೌಮ್ಯಂದು ತರ್ರಿ. ನೀವು ಇಳದ ಬರಬೇಕು, ಬಿದ್ದ ಬರಬಾರದು. ಇಲ್ಲಂದ್ರ ಮನಿಯೊಳಗ ಅದರ ಹೆಸರ ಎತ್ತಬ್ಯಾಡ್ರಿ."

ಸೌಮ್ಯವಾದದ್ದು, ತನ್ನ ತೂಕಕ್ಕೆ ಹೊಂದುವುದು, ತನ್ನ ಕೈಗೆ ಎಟಕುವುದು. ಈ ಮೂರೂ ಒಂದೇ ಕಡೆ ಸಿಗದೆ ಹತ್ತು ತಿಂಗಳು ಕಳೆದಿದ್ದವು. ಆ ಐತವಾರ ಮುಂಜಾನೆ ಗ್ಲೈಡರ್ ಹಾರಿಸುವವರ ಫೋನ್ ಗುಂಪಿನಲ್ಲಿ ಸವಣೂರಿನ ದಿಲ್ಶಾದ ಎಂಬವರು ಎರಡು ದಿನದ ಹಿಂದೆ ಹಾಕಿದ್ದ ಜಾಹೀರಾತು ಅವನ ಕಣ್ಣಿಗೆ ಬಿತ್ತು. ನೀಲಿ ಬಣ್ಣ, ಎ ದರ್ಜೆ, ಎಪ್ಪತ್ತೈದರಿಂದ ತೊಂಬತ್ತೈದು ಕಿಲೋ, ಜೋಲಿ ಸಮೇತ, ಹೊಸ ಪೈಲಟ್‌ಗಳಿಗೆ ಮಾತ್ರ.

ಶಿವಯೋಗಿ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದ. "ಸವಣೂರಿಗೆ ಹೋಗಿ ಬರ್ತೇನಿ."

ಸುಧಾರಾಣಿ ರೊಟ್ಟಿ ತಟ್ಟುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು. "ಇವತ್ತ ಬ್ಯಾಡ್ರಿ. ಮುಂದಿನ ಐತಾರ ಹೋಗ್ರಿ."

"ಯಾಕ?"

"ಗಿರಣಿಗೆ ಹೋಗೂದೈತಿ. ನಳ ಸೋರಾಕತ್ತೈತಿ."

ಹತ್ತು ತಿಂಗಳಲ್ಲಿ ಮೊದಲ ಸಲ ಸೌಮ್ಯವಾದ ರೆಕ್ಕೆಯೊಂದು ಇಷ್ಟು ಹತ್ತಿರ ಬಂದಿರುವಾಗ ಇವಳಿಗೆ ನಳ ನೆನಪಾಯಿತಲ್ಲ ಎಂದು ಶಿವಯೋಗಿಗೆ ನಿಜವಾಗಿ ನೋವಾಯಿತು. ಜೋಳದ ಚೀಲ ಹೊತ್ತು ಗಿರಣಿಗೆ ಹೋಗುವವನಂತೆ ಹೊರಟ, ಚೀಲವನ್ನು ಗಿರಣಿಯಲ್ಲೇ ಬಿಟ್ಟ, ನಿಲ್ದಾಣಕ್ಕೆ ಬಂದ. ಸವಣೂರು ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ಸುಮ್ಮನೆ ನಿಲ್ಲಲಾರದೆ ಚಹಾ ಕುಡಿಯಲು ಹೋದ. ಅಲ್ಲೇ ತಪ್ಪಾದದ್ದು.

ಚಹಾದಂಗಡಿಯಲ್ಲಿ ಪಕ್ಕದ ಮನೆಯ ಮಹಾಲಿಂಗಪ್ಪ ಇದ್ದರು. ಮೂವತ್ತು ವರ್ಷದಿಂದ ಹಳೆಯ ಟ್ರ್ಯಾಕ್ಟರುಗಳ ದಲಾಲಿ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಅದು ಎಷ್ಟು ಕೈ ದಾಟಿ ಬಂದಿದೆ ಎಂದು ಹೇಳಬಲ್ಲ ಮನುಷ್ಯ. ಅದಕ್ಕೂ ಮಿಗಿಲಾಗಿ, ಯಾರು ಏನು ಕೊಂಡರೂ ತಾವು ಜೊತೆಗಿರದಿದ್ದರೆ ಊಟ ಸೇರದ ಮನುಷ್ಯ.

"ಒಬ್ಬನ ಹೊಂಟೀಯಾ? ಮಾಲ ತಗೊಳ್ಳಾಕ ಒಬ್ಬನ ಹೋಗೂದಂದ್ರ ಏನು? ನಡಿ, ಜೀಪ ಐತಿ."

"ಇದು ಟ್ರ್ಯಾಕ್ಟರ್ ಅಲ್ಲರಿ ಕಾಕಾ."

"ಹಳೇ ಮಾಲ ಹೌದಲ್ಲೋ? ಮತ್ತ."

ಬಸ್ಸು ಹೊರಟುಹೋಯಿತು. ಜೀಪು ಅರ್ಧ ತಾಸು ತಡವಾಗಿ ಹೊರಟಿತು, ಯಾಕೆಂದರೆ ಮಹಾಲಿಂಗಪ್ಪನವರು ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ದೊಡ್ಡ ಟವೆಲ್ ಹೊದ್ದುಕೊಂಡು ಬರಬೇಕಾಯಿತು. ಶಿವಯೋಗಿ ಮಾರುವವರಿಗೆ ಫೋನ್ ಮಾಡಹೋದರೆ ಮಹಾಲಿಂಗಪ್ಪ ಕೈ ಹಿಡಿದರು. ಮೊದಲೇ ಫೋನ್ ಮಾಡಿದರೆ ಗರಜು ಗೊತ್ತಾಗುತ್ತದಂತೆ, ರೇಟು ಏರುತ್ತದಂತೆ.

ಊರು ದಾಟಿದ ಮೇಲೆ ಅವರು ಕೇಳಿದರು. "ಎಷ್ಟ ತಾಸ ಓಡೇತಿ?"

"ಯಾವುದ್ರಿ, ಗ್ಲೈಡರೋ ನಾನೋ?"

"ಎರಡೂ ಹೇಳು."

"ಅದು ನೂರಾ ನಲವತ್ತು ತಾಸಂತ. ನಾನು ಹದಿಮೂರು ತಾಸು ನಲವತ್ತ ನಿಮಿಷ."

ಮಹಾಲಿಂಗಪ್ಪ ಜೀಪನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. "ಆರ ವರ್ಷದಾಗ? ನಮ್ಮ ಪಂಪಸೆಟ್ಟು ಎರಡ ದಿನದಾಗ ಅಷ್ಟ ಓಡತೈತಲ್ಲೋ."

"ಅದಕ್ಕ ಸೌಮ್ಯಂದು ನೋಡಾಕತ್ತೇನ್ರಿ."

"ಸೌಮ್ಯಂದೋ ಸುಡಗಾಡೋ, ಈ ಲೆಕ್ಕ ಅಲ್ಲಿ ಬಾಯಿ ಬಿಡಬ್ಯಾಡ. ಕಚ್ಚಾ ಗಿರಾಕಿ ಅಂತ ಗೊತ್ತಾದ್ರ ತಲಿ ಮ್ಯಾಲೆ ಕುಂಡ್ರತಾರ."

ಶಿಗ್ಗಾಂವಿಯಲ್ಲಿ ಜೀಪು ಕಾದು ಹೊಗೆ ಬಿಟ್ಟಿತು. ಶಿವಯೋಗಿ ಕೊಡ ಹಿಡಿದುಕೊಂಡು ಹೋಟೆಲಿನಿಂದ ಹೋಟೆಲಿಗೆ ನೀರಿಗಾಗಿ ಓಡಾಡಿದ. ಗೊಟಗೋಡಿಯ ರಾಕ್ ಗಾರ್ಡನ್ ನೋಡಲು ಬಂದ ಮಂದಿಯೆಲ್ಲ ಊಟಕ್ಕೆ ಶಿಗ್ಗಾಂವಿಗೇ ಬಂದಿದ್ದರಿಂದ ಒಬ್ಬರೂ ನಳ ಬಿಟ್ಟುಕೊಡಲಿಲ್ಲ. ಅವನು ನೀರು ತರುವಷ್ಟರಲ್ಲಿ ಮಹಾಲಿಂಗಪ್ಪ ಸೀಟಿನ ಮೇಲಿದ್ದ ಅವನ ಫೋನಿನಿಂದಲೇ ದಿಲ್ಶಾದರಿಗೆ ಫೋನ್ ಮಾಡಿ ಮುಗಿಸಿದ್ದರು.

"ಏನಂದ್ರಿ?"

"ಬರಾಕತ್ತೇವಿ ಅಂದ್ನಿ. ನಮ್ಮ ಪೈಲಟ್ರು ಹದಿಮೂರ ನೂರು ತಾಸು ಹಾರ್ಯಾರ ಅಂದ್ನಿ. ಆಕಿ ಗಪ್ಪಾಗಿಬಿಟ್ಲು. ಇನ್ನ ರೇಟಿನ ಚಿಂತಿ ಬಿಡು."

ಶಿವಯೋಗಿಯ ಕೈಯಿಂದ ಅರ್ಧ ಕೊಡ ನೀರು ಕಾಲ ಮೇಲೆ ಚೆಲ್ಲಿತು.

ದಿಲ್ಶಾದ ಸವಣೂರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ನಲವತ್ತರ ಆಚೀಚೆ ವಯಸ್ಸು, ಒಂಬತ್ತು ವರ್ಷದ ಹಾರಾಟ, ಎದುರಿಗಿದ್ದವರು ತಪ್ಪು ಮಾಡುವುದನ್ನು ಕಾಯುತ್ತ ಕೂತಂತಹ ತಾಳ್ಮೆಯ ಕಣ್ಣು. ಹಿತ್ತಲಲ್ಲಿ ಎಲೆಬಳ್ಳಿ, ಅಂಗಳದಲ್ಲಿ ಚಾಪೆ, ಚಾಪೆಯ ಮೇಲೆ ಚಹಾ ಮತ್ತು ಖಾರಾ. ನೀಲಿ ರೆಕ್ಕೆ ಚೀಲದೊಳಗೆ ಮಡಚಿಕೊಂಡು ಗೋಡೆಗೆ ಒರಗಿತ್ತು. ಅಂಗಳದ ತುಂಬ ಹರಡಿಕೊಂಡದ್ದು ಬೇರೊಂದು, ಕೆಂಪು.

"ಬರ್ರಿ ಸರ್. ಹದಿಮೂರ ನೂರು ತಾಸಿನವರು ನಮ್ಮ ಮನಿಗೆ ಬರ್ತೀರಂತ ಅನ್ಕೊಂಡಿರಲಿಲ್ಲ. ಆ ನೀಲಿ ನಿಮಗ ಆಟಿಗೀ ಸಾಮಾನು ಆಗತೈತ್ರಿ. ಅದನ್ನ ಹೊಸಬರಿಗೆ ಇಟ್ಟೇನಿ. ನೀವು ಇದನ್ನ ನೋಡ್ರಿ. ಡಿ ದರ್ಜೆ."

ಶಿವಯೋಗಿ ಬಾಯಿ ತೆರೆದ. ಅದರೊಳಗೆ ಮಹಾಲಿಂಗಪ್ಪ ತಮ್ಮ ಮಾತು ತುರುಕಿದರು. "ಇದು ಎಷ್ಟ ತಾಸ ಓಡೇತವ್ವಾ?"

"ಒಂಬತ್ತು."

ಮಹಾಲಿಂಗಪ್ಪನವರ ಕಣ್ಣು ಅರಳಿತು. ನೂರಾ ನಲವತ್ತು ತಾಸಿನದು ಒಂದು, ಒಂಬತ್ತು ತಾಸಿನದು ಒಂದು. ಯಾವುದು ಕೊಳ್ಳಬೇಕೆಂದು ಹಾನಗಲ್ಲಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. "ಕೇಳಿದೇನೋ ಶಿವಯೋಗಿ? ಇನ್ನೂ ಬಣ್ಣದ ವಾಸನಿ ಹೋಗಿಲ್ಲ ಇದರದು."

"ಅಷ್ಟ ಕಡಿಮಿ ಯಾಕ್ರಿ ಮೇಡಂ?" ಎಂದು ಶಿವಯೋಗಿ ಸಣ್ಣ ದನಿಯಲ್ಲಿ ಕೇಳಿದ.

"ಹತ್ತಿದವರು ಯಾರೂ ಎರಡನೇ ಸಲ ಹತ್ತಲಿಲ್ಲ ಸರ್. ಅದಕ್ಕ ನಿಮ್ಮಂಥಾವರ ದಾರಿ ಕಾಯ್ತಿದ್ನಿ."

ಆಗಲೇ ನಿಜ ಹೇಳಿಬಿಡಬೇಕಾಗಿತ್ತು. ಆದರೆ ಹದಿಮೂರು ನೂರು ತಾಸಿನ ಸುದ್ದಿ ಓಣಿಯಲ್ಲಿ ಹರಡಿ ಗೋಡೆಯ ಮೇಲೆ ಇಪ್ಪತ್ತು ತಲೆ ಮೂಡಿದ್ದವು. ಇಪ್ಪತ್ತು ತಲೆಗಳ ಎದುರಿಗೆ ನಾನು ಕಚ್ಚಾ ಎಂದು ಹೇಳುವ ಧೈರ್ಯ ಇದ್ದಿದ್ದರೆ ಶಿವಯೋಗಿ ಹನ್ನೊಂದು ವರ್ಷ ಕಿಟಕಿಯ ಹಿಂದೆ ಕೂತಿರುತ್ತಿರಲಿಲ್ಲ. ಓಣಿಯ ಮಂದಿ ಸೇರಿ ಕೆಂಪು ರೆಕ್ಕೆಯನ್ನೂ ಅವನನ್ನೂ ಊರಾಚೆಯ ಹೊಲಕ್ಕೆ ಕರೆದುಕೊಂಡು ಹೋದರು. ಮೆಕ್ಕೆಜೋಳ ಕೊಯ್ದ ಹೊಲ, ಕಾಲಿಗೆ ಚುಚ್ಚುವ ಕೂಳೆ. ಹಾರುವುದೇನೂ ಬೇಡ, ನಿಂತಲ್ಲೇ ನಿಂತು ರೆಕ್ಕೆಯನ್ನು ತಲೆಯ ಮೇಲೆ ಎತ್ತಿ ನೋಡಿದರೆ ಸಾಕು ಎಂದರು ದಿಲ್ಶಾದ.

ಶಿವಯೋಗಿ ಜೋಲಿಯ ಪಟ್ಟಿ ಬಿಗಿದುಕೊಂಡ. ದಾರ ಎಳೆದ. ಸೌಮ್ಯವಾದ ರೆಕ್ಕೆ ಹಾಸಿಗೆಯಿಂದ ಏಳುವ ಮುದುಕರ ಹಾಗೆ ನಿಧಾನವಾಗಿ ಏಳುತ್ತದೆ. ಅವನ ಕೈಗೆ ಅಭ್ಯಾಸವಿದ್ದದ್ದು ಅದು. ಈ ಕೆಂಪು ಮಾತ್ರ ಒಂದೇ ಏಟಿಗೆ ಎದ್ದು, ತಲೆಯ ಮೇಲೆ ನಿಲ್ಲುವ ಗೋಜಿಗೆ ಹೋಗದೆ ಎಡಕ್ಕೆ ಹೊರಳಿ ಓಟ ಕಿತ್ತಿತು. ಶಿವಯೋಗಿ ಮೊದಲು ಅದರ ಹಿಂದೆ ಓಡಿದ. ಆಮೇಲೆ ಕುಪ್ಪಳಿಸಿದ. ಆಮೇಲೆ ಹೊಟ್ಟೆಯ ಮೇಲೆ ಹೋದ. ಕೂಳೆ ದಾಟಿ, ಬದು ದಾಟಿ, ಒಂದು ಎಮ್ಮೆಯನ್ನು ಹಗ್ಗ ಹರಿಯುವಂತೆ ಮಾಡಿ, ಕೊನೆಗೆ ಒಂದು ಸಗಣಿ ಕುಳ್ಳಿನ ಗುಡ್ಡೆಯಲ್ಲಿ ಎದೆಮಟ್ಟ ಹೂತುಕೊಂಡು ನಿಂತ.

ಕುಳ್ಳಿನ ಒಡತಿ ದುರಗವ್ವ ಅಲ್ಲೇ ಇದ್ದಳು. "ಎಲ್ಲಿಂದ ಬಂದೀಯೋ ಯಪ್ಪಾ?"

"ಹಾನಗಲ್ಲಿನಿಂದ್ರಿ."

"ರಸ್ತೆ ಇತ್ತಲ್ಲೋ," ಎಂದಳು ಮುದುಕಿ. ಆಮೇಲೆ ಒಡೆದ ಕುಳ್ಳುಗಳನ್ನು ಒಂದೊಂದಾಗಿ ಬೇರೆ ಇಡತೊಡಗಿದಳು.

ಮಂದಿ ಓಡಿಬಂದರು. ಮಹಾಲಿಂಗಪ್ಪ ಏದುಸಿರಿನಲ್ಲೇ ವಿವರಣೆ ಕೊಡುತ್ತಿದ್ದರು. "ಕಸಬಿನವರು ಹಂಗ ಮಾಡ್ತಾರ. ಎಳತ ಎಷ್ಟ ಐತಿ ಅಂತ ನೆಲದ ಮ್ಯಾಲೆ ನೋಡಿಬಿಡ್ತಾರ. ಟ್ರ್ಯಾಕ್ಟರಿಗೆ ನಾವು ಟ್ರೇಲರ್ ಕಟ್ಟಿ ನೋಡೂದಿಲ್ಲೇನು?" ಇಪ್ಪತ್ತು ತಲೆಗಳೂ ಒಪ್ಪಿಕೊಂಡು ಅಲ್ಲಾಡಿದವು. ದಿಲ್ಶಾದ ಮಾತ್ರ ಶಿವಯೋಗಿಯ ಅಂಗಿಯ ಮೇಲಿನ ಕುಳ್ಳಿನ ಪುಡಿ ನೋಡುತ್ತ ನಿಂತಿದ್ದರು.

ಅವನಿಗೆ ಸಾಕಾಯಿತು. ಮೊಣಕೈ ಸುಲಿದಿತ್ತು, ಮರ್ಯಾದೆಯೂ ಸುಲಿದಿತ್ತು, ಇನ್ನು ಮುಚ್ಚಿಕೊಳ್ಳಲು ಉಳಿದದ್ದೇನು? "ಮೇಡಂ, ಹದಿಮೂರ ನೂರು ಅಲ್ಲರಿ. ಬರೇ ಹದಿಮೂರು. ಮ್ಯಾಲೆ ನಲವತ್ತ ನಿಮಿಷ. ನಾನು ಬಂದದ್ದು ಆ ನೀಲಿ ಸಲುವಾಗಿ."

"ಗೊತ್ತಾತ್ರಿ," ಎಂದರು ದಿಲ್ಶಾದ. "ನೀವು ಬದು ದಾಟೂ ಹೊತ್ತಿಗೇ ಗೊತ್ತಾತು. ಸುಳ್ಳ ಹೇಳೂ ಹುಡುಗರನ್ನ ನಾನು ಬೆಂಚಿನ ಮ್ಯಾಲೆ ನಿಲ್ಲಸ್ತೇನಿ. ನಿಮಗ ಗಾಳೀನ ಶಿಕ್ಷಾ ಕೊಟ್ಟೈತಿ, ನಡೀರಿ."

ಅವರು ನೀಲಿಯನ್ನು ಬಿಚ್ಚಿ ಹಾಸಿದರು. ಶಿವಯೋಗಿ ದಾರ ಎಳೆದ. ನೀಲಿ ರೆಕ್ಕೆ ನಿಧಾನವಾಗಿ ಉಬ್ಬಿ, ಎದ್ದು, ಅವನ ತಲೆಯ ಮೇಲೆ ಬಂದು ನಿಂತಿತು. ಸುಮ್ಮನೆ ನಿಂತಿತು. ಅವನು ಬಲಕ್ಕೆ ನಡೆದರೆ ಬಲಕ್ಕೆ ಬಂತು, ಎಡಕ್ಕೆ ನಡೆದರೆ ಎಡಕ್ಕೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕಾಲುಗಳು ಕುಣಿಯುವುದನ್ನು ಬಿಟ್ಟು ನಿಂತಿದ್ದವು. ಕಣ್ಣಲ್ಲಿ ನೀರು ಬಂತು. ಕುಳ್ಳಿನ ಪುಡಿ ಬಿದ್ದಿದೆ ಎಂದು ಒರೆಸಿಕೊಂಡ.

"ಇದನ್ನ ನನಗ ಕೊಡ್ರಿ ಮೇಡಂ."

"ಕೊಡಬಹುದಿತ್ತು. ಆದರ ನಿನ್ನೆನ ಮಾತ ಕೊಟ್ಟಬಿಟ್ಟೇನಿ. ಹಿರೇಕೆರೂರಿನವರು ಯಾರೋ ಸವಿತಾ ಅಂತ. ಅವರ ಪೈಕಿ ಒಬ್ರು ಹೊಸ ಪೈಲಟ್ ಅದಾರಂತ, ಭಾಳ ವಿಚಾರಸಿ ಕೇಳಿದ್ರು. ಐದ ಗಂಟೆಕ್ಕ ಅವರ ತಮ್ಮ ಬರ್ತಾನ." ಶಿವಯೋಗಿಯ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ನಂಬರ ಕೊಡ್ತೇನಿ. ನೀವ ಕೈ ಮುಗದ ಕೇಳ್ರಿ. ಅವರಾಗೇ ಬ್ಯಾಡಂದ್ರ ನಿಮಗ ಕೊಡೂದಕ್ಕ ನನಗೇನೂ ಅಡ್ಡಿಲ್ಲ."

ಅವರು ಕೆಂಪನ್ನು ಮಡಚಲು ಹೋದರು. ಮಹಾಲಿಂಗಪ್ಪ ಶಿವಯೋಗಿಯನ್ನು ಬೇವಿನ ಮರದ ಹಿಂದಕ್ಕೆ ಎಳೆದುಕೊಂಡು ಹೋದರು.

"ಕೈ ಮುಗದ್ರ ಯಾರರೆ ಮಾಲ ಬಿಡ್ತಾರೇನೋ? ಮಾಲಿನ ಮ್ಯಾಲೆ ಹುಳುಕ ಹಾಕಬೇಕು. ಎಂಜಿನ್ ಬಿಚ್ಚೇತಿ, ಗೇರ್ ಬಾಕ್ಸ್ ಕೆಟ್ಟೈತಿ, ಹೋದ ವರ್ಷ ಒಬ್ಬಾವ ಅದರ ಕೆಳಗ ಸತ್ತಾನ. ಇಷ್ಟಂದ್ರ ಸಾಕು, ಎದುರಿನ ಗಿರಾಕಿ ಓಡಿ ಹೋಗ್ತಾನ. ನಾವು ಆರಾಮ ತಗೋತೇವಿ."

"ಛೇ, ಅದು ಹ್ಯಾಂಗ್ರಿ. ಮೇಡಂ ನಂಬಿ ನಂಬರ ಕೊಟ್ಟಾರ."

"ಹಂಗಾರ ಬಿಡು. ಇನ್ನೂ ಹತ್ತ ತಿಂಗಳ ಹುಡುಕು."

ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಶಿವಯೋಗಿ ಮರದ ಸುತ್ತ ಮೂರು ಸುತ್ತು ಹಾಕಿದ. ಒಂದು ಸುತ್ತಿನಲ್ಲಿ ದಿಲ್ಶಾದರ ಮುಖ ನೆನಪಾಯಿತು, ಒಂದು ಸುತ್ತಿನಲ್ಲಿ ತಿಳವಳ್ಳಿಯ ಗುಡ್ಡ ನೆನಪಾಯಿತು. ಮೂರನೆಯ ಸುತ್ತಿನಲ್ಲಿ ಕೂಳೆಯ ಮೇಲೆ ಹರಡಿಕೊಂಡಿದ್ದ ನೀಲಿ ಮತ್ತೆ ಕಣ್ಣಿಗೆ ಬಿತ್ತು. ಫೋನು ತೆಗೆದ. ಮಹಾಲಿಂಗಪ್ಪನವರೇ ಮಾತಾಡಲಿ ಎಂದರೆ ಅವರು ಹಿಂದೆ ಸರಿದರು. ದಾರದ ಮಾತು, ಬಟ್ಟೆಯ ಮಾತು ತಮಗೆ ಬಾರದಂತೆ.

ಆ ಕಡೆಯಿಂದ ಹೆಣ್ಣು ದನಿ ಹಲೋ ಅಂದಿತು. ಶಿವಯೋಗಿಗೆ ಗೊತ್ತಿಲ್ಲದೆಯೇ ಅವನ ಗಂಟಲಿನಿಂದ ಮೈಕ್ ದನಿ ಹೊರಬಿತ್ತು. ಹನ್ನೊಂದು ವರ್ಷ ಊರನ್ನು ಗದರಿಸಿ ಬಸ್ ಹತ್ತಿಸಿದ ದನಿ.

"ಸವಿತಾ ಅವರೇನ್ರಿ? ನಾವು ಗ್ಲೈಡರ್ ತಪಾಸಣೆ ಮಾಡೂ ಕಡೆಯಿಂದ ಮಾತಾಡಾಕತ್ತೇವಿ. ಸವಣೂರಿನ ನೀಲಿ ಗ್ಲೈಡರಿಗೆ ನೀವು ಮಾತ ಕೊಟ್ಟೀರಂತ ತಿಳೀತು."

"ಹೌದ್ರಿ ಸಾಹೇಬ್ರ."

"ಅದು ಬ್ಯಾಡ್ರಿ. ಬಟ್ಟಿ ಸೋರಾಕತ್ತೈತಿ, ಗಾಳಿ ನಿಲ್ಲೂದಿಲ್ಲ. ಎಡಕ್ಕಿನ ನಾಕ ದಾರ ಒಳಗಿಂದೊಳಗ ಹರದಾವ, ಮ್ಯಾಲೆ ಕಾಣೂದಿಲ್ಲ. ನಡುವಿನ ಹೊಲಿಗಿ ಲಡ್ಡ ಆಗೇತಿ, ಮುಟ್ಟಿದ್ರ ಬಿಚ್ಚತೈತಿ."

ಮಹಾಲಿಂಗಪ್ಪ ಸನ್ನೆ ಮಾಡಿದರು, ಇನ್ನೂ, ಇನ್ನೂ. ಶಿವಯೋಗಿಗೂ ರಂಗೇರಿತ್ತು. ಯಾವ ದಾರ ಎಷ್ಟು ಕುಗ್ಗಿದೆ, ಎಷ್ಟು ಎತ್ತರದಲ್ಲಿ ಅದು ಮಡಚಿಕೊಳ್ಳುತ್ತದೆ, ಮಡಚಿಕೊಂಡ ಮೇಲೆ ಕೆಳಗಿನವನಿಗೆ ಎಷ್ಟು ಸೆಕೆಂಡು ಉಳಿಯುತ್ತವೆ ಎಂಬುದನ್ನೆಲ್ಲ ಬಿಡಿಸಿ ಹೇಳಿದ. ಗುರುಗಳು ಆರು ವರ್ಷ ಕಲಿಸಿದ ವಿದ್ಯೆಯೆಲ್ಲ ಆ ಸುಳ್ಳಿಗೆ ಒದಗಿ ಬಂತು.

"ಆ ಪೈಲಟ್‌ಗ ಹೆಣ್ತಿ ಮಕ್ಕಳದಾರ್ರಿ," ಎಂದಳು ಸವಿತಾ.

"ಅದಕ್ಕ ಹೇಳಾಕತ್ತೇವಿ. ಮಾರೂವರು ಛಲೋ ಐತಿ ಅಂತಾರ, ನಂಬಬ್ಯಾಡ್ರಿ."

"ಒಂದ ಸಂಸಾರ ಉಳಿಸಿದ್ರಿ ಸಾಹೇಬ್ರ. ನಿಮ್ಮ ಹೆಂಡರ ಮಕ್ಕಳು ತಣ್ಣಗಿರಲಿ."

ಫೋನ್ ಇಟ್ಟ ಮೇಲೆ ಶಿವಯೋಗಿ ಸ್ವಲ್ಪ ಹೊತ್ತು ಬೇವಿನ ತೊಗಟೆ ಕೆರೆಯುತ್ತ ನಿಂತ. ಹರಸಿದ್ದು ಅವನಿಗೆ ಚುಚ್ಚಿತು. ಚುಚ್ಚಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ದಿಲ್ಶಾದ ಬಂದು ಹಿರೇಕೆರೂರಿನವರು ಈಗಷ್ಟೇ ಫೋನ್ ಮಾಡಿ ಬೇಡವೆಂದರು ಎಂದು ತಿಳಿಸಿದರು. "ಕಾರಣ ಹೇಳಲಿಲ್ಲ. ಭಾಳ ದೊಡ್ಡ ಮನಸಿನವರು ಕಾಣ್ತಾರ. ನೀವು ಹ್ಯಾಂಗ ಕೇಳಿದ್ರೋ ಏನೋ."

ಮಹಾಲಿಂಗಪ್ಪ ಹೆಗಲ ಟವೆಲ್ಲನ್ನು ಕೈಮೇಲೆ ಹೊದೆಸಿ ಮುಂದೆ ಚಾಚಿದರು. ಬೆರಳು ಹಿಡಿದು ರೇಟು ಮುರಿಯುವ ತಮ್ಮ ಹಳೆಯ ಪದ್ಧತಿ. "ಟವೆಲ್ ತಗೀರಿ ಅಜ್ಜಾರ. ನಮ್ಮಪ್ಪನೂ ಎತ್ತಿನ ದಲಾಲೀನ ಇದ್ದಾ," ಎಂದರು ದಿಲ್ಶಾದ. ಜಾಹೀರಾತಿನಲ್ಲಿ ಬರೆದ ಬೆಲೆಗೇ ರೆಕ್ಕೆ, ಜೋಲಿ ಎರಡೂ ಶಿವಯೋಗಿಯ ಕೈಸೇರಿದವು. ಹಾನಗಲ್ಲಿನವರೆಗೂ ಅವನು ಹದಿನೈದು ಕಿಲೋದ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಚೀಲವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಮಹಾಲಿಂಗಪ್ಪನವರನ್ನು ನಿಲ್ಲಿಸಿ, ಬೈಗುಳಕ್ಕೆ ಸಿದ್ಧನಾಗಿ ಶಿವಯೋಗಿ ಒಳಗೆ ಹೋದ. ಸುಧಾರಾಣಿ ಹಿಟ್ಟಿನ ಮಾತು ಎತ್ತಲಿಲ್ಲ, ನಳದ ಮಾತೂ ಎತ್ತಲಿಲ್ಲ. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು.

"ಕುಂಡ್ರಿ. ನಿಮಗೊಂದ ಹೇಳಬೇಕು. ಸಿಟ್ಟ ಮಾಡಬ್ಯಾಡ್ರಿ," ಎಂದಳು. "ಹಾರಿದ್ದೆಲ್ಲಾ ಬರದಿಟ್ಟೀರಲ್ಲ, ಆ ಪುಸ್ತಕ ನಾ ಓದೇನಿ. ಪ್ರತಿಸಲ ಕಡೀಗೆ ಬರೀತೀರಿ, ಇವತ್ತಿಗೆ ಮುಗೀತು, ಇನ್ನ ಮುಂದಿನ ವರ್ಷ ಅಂತ. ಓದಿ ಸಂಕಟಾತು. ನಿಮ್ಮ ಹುಟ್ಟಿದ ದಿನಕ್ಕ ನಾನ ಒಂದ ತಂದಕೊಡಬೇಕಂತ ಮಾಡಿದ್ನಿ. ಎ ದರ್ಜೇದು. ನಿಮ್ಮ ತೂಕ ಅರವತ್ತೆಂಟು, ಸಾಮಾನ ಹದಿನೈದು, ಎಂಬತ್ಮೂರು ಅಂತ ಲೆಕ್ಕಾ ಹಾಕಿ ನೋಡಿದ್ನಿ. ನಿಮ್ಮ ಫೋನಿನ್ಯಾಗ ನೋಡಿದ್ನಿ, ಸವಣೂರಾಗ ಒಂದ ನೀಲೀದು ಇತ್ತು. ನಾ ಕೇಳಿದ್ರ ನಿಮಗ ಗೊತ್ತಾಗತೈತಂತ, ರಟ್ಟೀಹಳ್ಳಿ ಸಾಲ್ಯಾಗ ನನ್ನ ಜೋಡಿ ಇದ್ದಾಕಿ ಒಬ್ಬಾಕಿ ಈಗ ಹಿರೇಕೆರೂರಾಗ ಅದಾಳ, ಸವಿತಾ ಅಂತ, ಆಕಿ ಕೈಲೆ ಕೇಳಿಸಿದ್ನಿ."

ಶಿವಯೋಗಿ ಕೂತ. ಕೂರಲು ಅಲ್ಲಿ ಏನೂ ಇರಲಿಲ್ಲ, ನೆಲದ ಮೇಲೇ ಕೂತ. ತನಗೆ ಅಡ್ಡಬರುತ್ತಾಳೆ ಎಂದುಕೊಂಡಿದ್ದ ಹೆಂಗಸು ತನ್ನ ಅಂಗಿ, ಬೂಟುಗಳ ತೂಕವನ್ನೂ ಕೂಡಿಸಿ ತನಗಾಗಿ ರೆಕ್ಕೆ ಆರಿಸಿದ್ದಳು. ಅವನಿಗೆ ಅಳಬೇಕೆನ್ನಿಸಿತು, ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹೊರಗೆ ನಿಂತ ಮಹಾಲಿಂಗಪ್ಪನವರನ್ನು ಟವೆಲ್ ಸಮೇತ ಬಾವಿಗೆ ಹಾಕಬೇಕೆನ್ನಿಸಿತು.

"ದೇವರ ದೊಡ್ಡಾವ," ಎಂದು ಸುಧಾರಾಣಿ ಕಣ್ಣೊರೆಸಿಕೊಂಡಳು. "ಯಾರೋ ಸಾಹೇಬ್ರು ಆಕಿಗೆ ಫೋನ್ ಮಾಡಿ ಬಿಡಿಸಿದ್ರಂತ. ಅದು ಜೀವಾ ತಗೊಳ್ಳೂ ಮಾಲಂತ. ಆಕಿ ಎಲ್ಲಾ ಬರಕೊಂಡಾಳ. ನಂಬರನೂ ಕಳಿಸ್ಯಾಳ. ಅವರನ್ನ ಕೇಳಿ ಒಂದ ಛಲೋದು ಹುಡುಕೂಣು, ತಡೀರಿ."

ಅವಳು ನಂಬರನ್ನು ಸರಿಯಾಗಿ ನೋಡದೆಯೇ ಅದರ ಮೇಲೆ ಬೆರಳೊತ್ತಿದಳು. ಶಿವಯೋಗಿಯ ಅಂಗಿಯ ಕಿಸೆಯಲ್ಲಿ ಫೋನು ಕೂಗಿತು. ಹೊರಗಿನಿಂದ ಮಹಾಲಿಂಗಪ್ಪ, ತಮಗೆ ಟ್ರ್ಯಾಕ್ಟರಿನ ಪಾರ್ಟಿ ಬಂದಿರುವುದಾಗಿ ಹೇಳಿ ಹೊರಟುಹೋದ ಸದ್ದು ಕೇಳಿಸಿತು.

ಇನ್ನು ಮುಚ್ಚಿಡುವಂತಿರಲಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು ಎಂದು ಶಿವಯೋಗಿಗೆ ಅನ್ನಿಸಿತು. ನಿಜ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಚೀಲವನ್ನು ಒಳಗೆ ತಂದ. ಬೇವಿನ ಮರದಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳಿದ್ದೆಲ್ಲ ಸುಳ್ಳು, ರೆಕ್ಕೆ ಮುತ್ತಿನಂತಿದೆ, ನೀನು ಆರಿಸಿದ್ದೇ ಇದು, ನಿನಗಿಂತ ಮೊದಲು ನಾನು ತಂದುಬಿಟ್ಟೆ ಅಷ್ಟೇ, ಎಂದು ನಗಲೂ ನೋಡಿದ.

ಸುಧಾರಾಣಿ ನಗಲಿಲ್ಲ. ಬೈಯಲೂ ಇಲ್ಲ. "ಸವಿತಾ ನಿಮಗ ಗುರತೇನು?"

"ಇಲ್ಲ."

"ಆಕಿ ಮ್ಯಾಲೆ ಏನರೆ ಸಿಟ್ಟಿತ್ತೇನು?"

"ಇಲ್ಲ."

"ಗುರತಿಲ್ಲದ ಹೆಣ್ಣಮಗಳಿಗೆ ಎಡಕ್ಕ ನಾಕ ದಾರ ಹರದಾವ, ಹೊಲಿಗಿ ಲಡ್ಡ ಆಗೇತಿ, ಇಷ್ಟ ಸೆಕೆಂಡ ಉಳೀತಾವ ಅಂತ ಲೆಕ್ಕಾ ಇಟ್ಟ ಹೇಳೀರಿ. ಅದು ಸುಳ್ಳಂತ. ಹಾರೂ ಹುಚ್ಚಿನ್ಯಾಗ ಹೆಣ್ತಿ ಮುಂದ ಎಲ್ಲಾ ಮುತ್ತಿನಂಗ ಐತಿ ಅಂತೀರಿ. ಅದು ಖರೇ ಅಂತ. ನಾ ಯಾವುದ ನಂಬಬೇಕು, ನೀವ ಹೇಳ್ರಿ."

ಶಿವಯೋಗಿ ಆಣೆ ಮಾಡಿದ. ದಿಲ್ಶಾದರಿಗೆ ಫೋನ್ ಹಚ್ಚಿಕೊಟ್ಟ. ಅವರು ರೆಕ್ಕೆಯಲ್ಲಿ ಒಂದು ಕೊರತೆಯೂ ಇಲ್ಲ ಎಂದರು. ಮಾರುವವರು ಮತ್ತೇನಂತಾರೆ ಎಂದಳು ಸುಧಾರಾಣಿ, ಹಾಗಂತ ನೀವೇ ಹೇಳೀರಲ್ಲ. ಮಹಾಲಿಂಗಪ್ಪನವರ ಬಾಗಿಲು ಬಡಿದರೆ ಅವರು ಕಿಟಕಿಯಿಂದಲೇ, ಇನ್ನೊಬ್ಬರ ಮಾಲಿನ ಬಗ್ಗೆ ತಾವು ಜನ್ಮದಲ್ಲಿ ಒಂದು ಮಾತು ಆಡಿದವರಲ್ಲ ಎಂದರು.

"ಹಂಗಾರ ಮಾರಿಬಿಡ್ತೇನಿ," ಎಂದ ಶಿವಯೋಗಿ ಕೊನೆಗೆ, ಕುಸಿದ ದನಿಯಲ್ಲಿ.

"ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಮನಿ ಹಾಳ ಮಾಡೂಣೇನು? ನೀವ ಒಂದ ಮನಿ ಉಳಿಸಿ ಬಂದೀರಿ, ಇನ್ನೊಂದ ಕೆಡಿಸಬ್ಯಾಡ್ರಿ." ಅವಳ ದನಿಯಲ್ಲಿ ಈಗ ಗಂಡನ ಬಗ್ಗೆ ಹೆಮ್ಮೆಯೇ ಇತ್ತು. ಅದನ್ನು ಕೇಳಿ ಶಿವಯೋಗಿಗೆ ಇನ್ನಷ್ಟು ಸಂಕಟವಾಯಿತು.

ಅವಳು ಸ್ಟೂಲು ಹತ್ತಿ ನೀಲಿ ರೆಕ್ಕೆಯ ಗಂಟನ್ನು ಅಟ್ಟದ ಮೇಲೆ ನೂಕಿದಳು. ಇಳಿದು ಬಂದು ಜೋಲಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಪಟ್ಟಿಗಳನ್ನು ಜಗ್ಗಿ ನೋಡಿದಳು. ತನ್ನ ಫೋನಿನಲ್ಲಿ ಸವಿತಾ ಬರೆದು ಕಳಿಸಿದ್ದನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದಳು.

"ಜೋಲಿ ಬಗ್ಗೆ ನೀವು ಆಕಿಗೆ ಏನೂ ಕೆಟ್ಟ ಹೇಳಿಲ್ಲ. ಅಂದಮ್ಯಾಲೆ ಇದು ಛಲೋನ ಇರಬೇಕು," ಎಂದಳು.

ಈಗ ಅದು ಪಡಸಾಲೆಯ ಜಂತಿಗೆ ತೂಗಿದೆ, ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ. ಪ್ರತಿ ಐತವಾರ ಊಟವಾದ ಮೇಲೆ ಶಿವಯೋಗಿ ಪಟ್ಟಿ ಬಿಗಿದುಕೊಂಡು ಅದರಲ್ಲಿ ಕೂರುತ್ತಾನೆ, ಮತ್ತು ಸುಧಾರಾಣಿ ಪಾತ್ರೆ ತೊಳೆಯಲು ಆಚೆ ಹೋಗುವಾಗೊಮ್ಮೆ ಈಚೆ ಬರುವಾಗೊಮ್ಮೆ ಪ್ರೀತಿಯಿಂದ ಒಂದೊಂದು ನೂಕು ಕೊಟ್ಟು ಹೋಗುತ್ತಾಳೆ.